ಎರಡು ಬಗೆಯ ತೂತು

“ಆ ಚಾಕು ಬೇಡ,” ಎಂದರು ಮಾವ. “ಅದರಲ್ಲಿ ಬೆಣ್ಣೆ ಕೂಡ ಕುಯ್ಯೋಕಾಗಲ್ಲ. ನನ್ನ ಚೀಲದಲ್ಲಿ ಇನ್ನೊಂದಿದೆ, ತೆಗಿ ಪುಟ್ಟಿ.”

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ‘ಮೀಸೆ’ ತಲೆ ಎತ್ತಿ ಆಕಾಶ ನೋಡಿದ. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಅವನಿಗೆ ಆ ಹೆಸರು ಮಾತ್ರ ಬಿಟ್ಟಿರಲಿಲ್ಲ. ಠಾಣೆಯ ಇನ್ಸ್‌ಪೆಕ್ಟರನ್ನು ಯಾರೋ ಪುಟ್ಟಿ ಎಂದು ಕರೆದದ್ದನ್ನು ಅವನು ಕೇಳಿಸಿಕೊಂಡದ್ದು ಇದೇ ಮೊದಲು. ಕೇಳಿಸಲಿಲ್ಲವೆಂದು ನಟಿಸಲು ಆಕಾಶವೊಂದೇ ಗತಿ.

“ಮಾವ, ಇಲ್ಲಿ ಮೇಡಂ ಅನ್ನಿ,” ಎಂದಳು ಅವಳು ದನಿ ತಗ್ಗಿಸಿ.

“ನಿನ್ನ ಮೂಗು ಒರೆಸಿದವನು ನಾನು. ಮೇಡಂ ಅಂತೆ. ಚಾಕು.”

ಅವಳು ಚೀಲಕ್ಕೆ ಕೈ ಹಾಕಿ ಚಾಕು ತೆಗೆದುಕೊಟ್ಟಳು. ತಾಯಿಯ ಅಣ್ಣ, ಸೋದರಮಾವ. ಮರಗಳ ರೋಗದ ಬಗ್ಗೆ ಪಾಠ ಹೇಳಿಯೇ ಕೂದಲು ನರೆಸಿಕೊಂಡವರು. ನಿವೃತ್ತರಾದ ಮೇಲೂ ಕತ್ತಿನ ದಾರದಲ್ಲಿ ಭೂತಗನ್ನಡಿ ನೇತಾಡುತ್ತಿತ್ತು. ನಿನ್ನೆ ಅವಳು ಫೋನು ಮಾಡಿ, ಮರಕ್ಕೆ ವಿಷ ಹಾಕಿದ ಕೇಸು, ಒಂದು ಸಲ ನೋಡಿ ಹೋಗಿ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಮರ ತುದಿಯಿಂದ ಸಾಯುತ್ತಾ ಇದೆಯೋ, ಬುಡದಿಂದಲೋ? ಅವಳಿಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಮೊದಲ ಬಸ್ಸು ಹಿಡಿದು ಬಂದಿದ್ದರು.

ಕೇಸು ನೋಡಿದರೆ ಸಲೀಸಾಗಿತ್ತು. ಅಕ್ರೋಟು ತೋಟದ ಯಜಮಾನರು ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. ಅವರ ಮರಗಳಿಗೆ ತೂತು ಕೊರೆದು ಕಳೆನಾಶಕ ಸುರಿದದ್ದು ನಾನೇ ಎಂದು ಒಪ್ಪಿಕೊಂಡ ಅವರ ತಮ್ಮ ಈಗ ಲಾಕಪ್ಪಿನಲ್ಲಿದ್ದ. ಸಿಕ್ಕಿಬಿದ್ದಾಗ ಅಣ್ಣನ ತಲೆಗೆ ಹೊಡೆದ ಎಂದು ಊರೇ ಹೇಳುತ್ತಿತ್ತು. ಅದರ ಬಗ್ಗೆ ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ.

ಮಾವ ಮರದ ಮುಂದೆ ಮಂಡಿಯೂರಿದರು. ಸೊಂಟದೆತ್ತರಕ್ಕೆ, ಪೆನ್ಸಿಲ್ ತೂರುವಷ್ಟು ದಪ್ಪದ ತೂತುಗಳು ಸಾಲಾಗಿದ್ದವು. ಡ್ರಿಲ್ ಮಷೀನಿನ ಕೆಲಸ. ಒಂದರ ಸುತ್ತ ಅವರು ಚೌಕವಾಗಿ ಕೊಯ್ದು ಒಳಗಿನ ಮರವನ್ನು ಬೆಳಕಿಗೆ ತಂದರು.

“ಏನು ಕಾಣ್ತಿದೆ?”

“ಬೆಳ್ಳಗಿದೆ.”

“ಹೌದು. ಇದರೊಳಗೆ ಸುರಿದಿರೋದು ನೀರು ಅಂತ ಕಾಣುತ್ತೆ. ವಿಷ ಇಳಿದಿದ್ರೆ ಈ ಹೊತ್ತಿಗೆ ಕಂದು ಗೆರೆ ಹಿಡಿದಿರ್ತಿತ್ತು. ಈಗ ತಲೆ ಎತ್ತು.”

ಅವಳು ತಲೆ ಎತ್ತಿದಳು. ಕೆಳಗಿನ ಕೊಂಬೆಗಳು ಹಸಿರಾಗಿದ್ದವು. ಮೇಲೆ ಹೋದಂತೆ ಎಲೆ ಹಳದಿ. ತುತ್ತತುದಿಯಲ್ಲಿ ಬೋಳು ಕಡ್ಡಿಗಳು, ಅವುಗಳ ಪಕ್ಕದಲ್ಲೇ ಒಣಗಿ ಸುರುಟಿದ ಎಲೆಗಳು ಉದುರದೆ ಹಾಗೇ ನೇತಾಡುತ್ತಿದ್ದವು.

“ಆ ಬೋಳು ಕಡ್ಡಿ ಈ ವರ್ಷ ಸತ್ತದ್ದಲ್ಲ. ಡ್ರಿಲ್ ಹೊಡೆದದ್ದು ಹೋದ ವಾರ. ಹೋದ ವಾರ ಕೊಟ್ಟ ವಿಷಕ್ಕೆ ಎರಡು ವರ್ಷದ ಹಿಂದೆ ಕೊಂಬೆ ಸಾಯುತ್ತಾ?”

ಯಜಮಾನರ ತಮ್ಮನಿಗೆ ಬೇಡಿ ತೊಡಿಸಿದ್ದು ಅವಳೇ. ಮೇಲಿನವರು ಬೆನ್ನು ತಟ್ಟಿದ್ದೂ ಅವಳದೇ.

ಮೀಸೆ ಏಣಿ ಹತ್ತಿ ಹಳದಿ ಎಲೆಯ ಕೊಂಬೆಯೊಂದನ್ನು ಕಡಿದು ಕೊಟ್ಟ. ಮಾವ ಅದನ್ನು ತೊಡೆಯ ಮೇಲಿಟ್ಟು, ಗಾಯದ ಪಟ್ಟಿ ಬಿಚ್ಚುವ ವೈದ್ಯರಂತೆ ನಿಧಾನವಾಗಿ ತೊಗಟೆಯ ಮೇಲ್ಪದರವನ್ನು ಮಾತ್ರ ಹೆರೆದರು. ಜಾಸ್ತಿ ಆಳಕ್ಕೆ ಹೋದರೆ ಗುರುತೇ ಅಳಿಸಿಹೋಗುತ್ತದೆ ಎಂದು ಗೊಣಗಿದರು. ಆಮೇಲೆ ಭೂತಗನ್ನಡಿಯನ್ನು ಅವಳ ಕೈಗಿತ್ತರು.

ಗುಂಡುಸೂಜಿ ಚುಚ್ಚಿದಂಥ ತೂತುಗಳು. ಒಂದಲ್ಲ, ಹತ್ತಲ್ಲ, ದದ್ದು ಎದ್ದ ಮೈಯಂತೆ ಕೊಂಬೆಯ ಉದ್ದಕ್ಕೂ. ಪ್ರತಿಯೊಂದು ತೂತಿನ ಸುತ್ತ ಹಸಿ ತೊಗಟೆಯಲ್ಲಿ ಒಂದು ಕಂದು ಕಲೆ, ನೀರಲ್ಲಿ ಅದ್ದಿದ ಹಾಗೆ ಒದ್ದೆ. ಅಕ್ಕಪಕ್ಕದ ಕಲೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡಿದ್ದವು.

“ತೊಗಟೆ ಕೊರೆಯೋ ದುಂಬಿ,” ಎಂದರು ಮಾವ. “ಎಳ್ಳುಕಾಳಿಗಿಂತ ಸಣ್ಣದು. ಅದು ಒಂದೇ ಬಂದಿದ್ರೆ ಮರ ತಡ್ಕೊಳ್ತಿತ್ತು. ಮೈಗೆ ಶಿಲೀಂಧ್ರ ಅಂಟಿಸ್ಕೊಂಡು ಬರುತ್ತೆ, ಬೂಷ್ಟು. ತೂತು ಹುಳುವಿನದು, ಕೊಲ್ಲೋದು ಬೂಷ್ಟು. ಒಂದು ಕಲೆ ಉಗುರಿನಷ್ಟಿರುತ್ತೆ. ಅಂಥ ಸಾವಿರ ಸೇರಿದ್ರೆ ಕೊಂಬೆಗೆ ಊಟ ಇಳಿಯೋ ದಾರಿ ಮುಚ್ಚಿಹೋಗುತ್ತೆ. ಬೂಷ್ಟು ಇದೇ ಅಂತ ಖಚಿತ ಮಾಡೋಕೆ ಲ್ಯಾಬ್ ಬೇಕು. ಆದ್ರೆ ನನಗೆ ಅನುಮಾನ ಇಲ್ಲ.”

“ಹಾಗಾದ್ರೆ ಅವನು…”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹುಳು ಮಾಡಿದ ಕೆಲಸಕ್ಕೆ ಮನುಷ್ಯನನ್ನ ಒಳಗೆ ಹಾಕಿದ್ದೀಯ.”

ಹಿಂದಿನಿಂದ ಒಂದು ಶಾಂತ ದನಿ ಕೇಳಿತು. “ಇದಕ್ಕೆ ಔಷಧಿ ಇಲ್ಲವಾ?”

ಅತ್ತಿಗೆ ನಿಂತಿದ್ದರು. ಯಜಮಾನರ ಹೆಂಡತಿ. ಮೈದುನ ಕರೆಯುತ್ತಿದ್ದುದನ್ನೇ ಊರೂ ಹಿಡಿದುಕೊಂಡು, ಅವರೀಗ ಎಲ್ಲರಿಗೂ ಅತ್ತಿಗೆ. ಗಿಡ್ಡ ಆಳು, ಗಟ್ಟಿ ಮೈಕಟ್ಟು. ಮದುವೆಯಾಗಿ ಬಂದಾಗ ಅತ್ತೆ ತೀರಿಕೊಂಡಿದ್ದರು, ಮೈದುನ ಇನ್ನೂ ಚಡ್ಡಿ ಹಾಕುವ ವಯಸ್ಸು; ಅವನನ್ನೂ ಈ ಮರಗಳನ್ನೂ ಒಟ್ಟಿಗೇ ಬೆಳೆಸಿದವರು. ಗಂಡನ ಹಾಸಿಗೆಯ ಪಕ್ಕದಿಂದ ಎದ್ದು, ಪೊಲೀಸರು ಬರುತ್ತಾರೆಂದು ತಾವೇ ವ್ಯಾನು ಓಡಿಸಿಕೊಂಡು ಬಂದಿದ್ದರು.

“ಇಲ್ಲ ತಾಯಿ,” ಎಂದರು ಮಾವ.

“ಮತ್ತೆ ಏನು ಮಾಡೋದು?”

“ತೋಟಗಾರಿಕೆ ಇಲಾಖೆಗೆ ತಿಳಿಸಬೇಕು. ಅವರು ಬಂದು ರೋಗ ಹರಡಿರೋ ಜಾಗಕ್ಕೆ ಗಡಿ ಹಾಕ್ತಾರೆ. ಒಳಗಿರೋ ಅಕ್ರೋಟೆಲ್ಲ ಕಡಿದು ಅಲ್ಲೇ ಸುಡ್ತಾರೆ.”

“ನಮ್ಮ ತೋಟ ಅಷ್ಟೇ ತಾನೆ?”

ಮಾವ ಕಣಿವೆಯ ಕಡೆ ನೋಡಿದರು. ಹೊಳೆಯ ಎರಡೂ ದಡದಲ್ಲಿ ಬೇಲಿಗೆ ಬೇಲಿ ತಾಗಿಕೊಂಡು ಅಕ್ರೋಟು ತೋಟಗಳು. ಇಲ್ಲಿನ ಮನೆಗಳೆಲ್ಲ ನಿಂತಿದ್ದೇ ಆ ಕಾಯಿಯ ಮೇಲೆ.

“ಇಲ್ಲಿ ಶೆಡ್ಡಿನ ಹತ್ತಿರದ ಮರಗಳಿಗೇ ರೋಗ ಜಾಸ್ತಿ,” ಎಂದರು ಮಾವ. “ಶುರುವಾದದ್ದು ಇಲ್ಲೇ. ಯಾವತ್ತಾದ್ರೂ ಹೊರಗಿಂದ ತೊಗಟೆ ತೆಗೆಯದ ದಿಮ್ಮಿ ತಂದು ಹಾಕಿದ್ರಾ?”

“ನನಗೆ ನೆನಪಿಲ್ಲ,” ಎಂದರು ಅತ್ತಿಗೆ. ಕಡಿದ ಕೊಂಬೆಯ ಮೇಲೆ ಒಮ್ಮೆ ಕಣ್ಣಾಡಿಸಿದರು. “ಬಿಸಿಲಲ್ಲಿ ಕೂತಿದ್ದೀರಿ. ನೀರು ತರ್ತೀನಿ,” ಎಂದು ಮನೆಯೊಳಗೆ ಹೋದರು.

ಮಾವ ಕೊಂಬೆಯ ತುಂಡನ್ನು ಡಬ್ಬದೊಳಗಿಟ್ಟು, ಮುಚ್ಚಳದ ಸುತ್ತ ಟೇಪು ಸುತ್ತಿದರು. ಒಂದು ಹುಳುವೂ ಹೊರಗೆ ಬರಬಾರದು. “ಇವತ್ತೇ ಇಲಾಖೆಯ ಲ್ಯಾಬಿಗೆ ತಲುಪಿಸ್ತೀನಿ. ಅಲ್ಲಿ ನನ್ನ ಶಿಷ್ಯನೇ ಕೂತಿದ್ದಾನೆ. ಪಾಠದಲ್ಲಿ ದಡ್ಡ, ಆದ್ರೆ ಹೇಳಿದ ಮಾತು ಕೇಳ್ತಾನೆ.”

*

ಠಾಣೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಸರಿಯಾಗಿ ಮುಚ್ಚದ ಒಂದು ಕಿಟಕಿ. ಮಾವನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಹೇಳಿ ಅವಳು ಒಳಗೆ ಬಂದಿದ್ದಳು. ಮೀಸೆ ಲಾಕಪ್ಪಿನಿಂದ ಯಜಮಾನರ ತಮ್ಮನನ್ನು ಕರೆತಂದು ಕೂರಿಸಿ, ಬಾಗಿಲು ಎಳೆದುಕೊಂಡು ಹೋದ.

ಕಸಿ ಕಟ್ಟುವುದು, ಕೊಂಬೆ ಸವರುವುದು ಅವನ ಕಸುಬು. ಕಣಿವೆಯಲ್ಲಿ ಅವನು ಹತ್ತದ ಮರವಿರಲಿಲ್ಲ. ಕಾಯಿಯ ಹಸಿ ಸಿಪ್ಪೆಯ ಕಲೆ ಬೆರಳುಗಳಲ್ಲಿ ಕಪ್ಪಗೆ ಕೂತು, ಠಾಣೆಯ ಸೋಪಿಗೂ ಬಗ್ಗಿರಲಿಲ್ಲ.

“ಮರಕ್ಕೆ ವಿಷ ಹಾಕಿದ್ದು ನೀನಲ್ಲ,” ಎಂದಳು ಅವಳು.

“ನಾನೇ ಮೇಡಂ. ಬರ್ಕೊಂಡಿದ್ದೀರಲ್ಲ.”

“ಡ್ರಿಲ್ ಹೊಡೆದಿದ್ದು ನೀನು. ಒಳಗೆ ನೀರು ಬಿಟ್ಟು, ಕಳೆನಾಶಕದ ಡಬ್ಬ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದು ನೀನು. ಮರ ಸಾಯ್ತಿರೋದು ಬೇರೆಯದರಿಂದ.”

ಅವನು ಮೇಜಿನ ಅಂಚನ್ನೇ ನೋಡಿದ.

“ಹಳೇ ತೂತು ಯಾರ ಕಣ್ಣಿಗೂ ಬೀಳಬಾರದು ಅಂತ ಹೊಸ ತೂತು ಕೊರೆದೆ. ಹೌದಾ?”

ಅವನ ಹೆಗಲು ಇಳಿಯಿತು. ಎಷ್ಟೋ ದಿನದಿಂದ ಹೊತ್ತಿದ್ದ ಹೊರೆಯನ್ನು ಯಾರೋ ಕೆಳಗಿಳಿಸಲು ಕೈಜೋಡಿಸಿದಂತೆ, ಆದರೆ ಇಳಿಸಲು ಮನಸ್ಸಿಲ್ಲದಂತೆ.

“ಯಾರು ಕಂಡುಹಿಡಿದ್ರು?”

“ನಮ್ಮ ಸೋದರಮಾವ.”

“ಅವರಿಗೆ ಹೇಳಿ ಮೇಡಂ. ಬಾಯಿ ಬಿಡಬೇಡಿ ಅಂತ ಹೇಳಿ. ವಿಷ ಅಂತಲೇ ಇರಲಿ. ಎಷ್ಟು ವರ್ಷ ಹಾಕಿದ್ರೂ ಒಳಗಿರ್ತೀನಿ. ನಾನೊಬ್ಬ ಒಳಗೆ ಹೋದ್ರೆ ಊರು ಉಳಿಯುತ್ತೆ.”

“ಉಳಿಯಲ್ಲ. ಹುಳುವಿಗೆ ನಿನ್ನ ಕೇಸು ಗೊತ್ತಿಲ್ಲ. ಅದು ಪಕ್ಕದ ಮರಕ್ಕೆ ಹೋಗ್ತಾನೇ ಇರುತ್ತೆ.”

“ಹೋಗಲಿ. ಮರ ಸಾಯೋಕೆ ವರ್ಷಗಳು ಬೇಕು. ಅಲ್ಲೀವರೆಗೂ ಕಾಯಿ ಬಿಡುತ್ತೆ. ಅಷ್ಟರಲ್ಲಿ ಜನ ಇನ್ನೇನೋ ನೆಡ್ತಾರೆ, ಮಕ್ಕಳು ದೊಡ್ಡವರಾಗ್ತಾರೆ. ಗರಗಸ ಬಂದ್ರೆ ನಾಳೆ ಬೆಳಿಗ್ಗೆ ಏನೂ ಇರಲ್ಲ. ಬರೀ ಬುಡ.”

ಅವನ ಮಾತು ತಪ್ಪು ಎಂದು ಅವಳಿಗೆ ಗೊತ್ತಿತ್ತು. ತಪ್ಪು ಮಾತು ಇಷ್ಟು ನ್ಯಾಯವಾಗಿ ಕೇಳಿಸಬಾರದಿತ್ತು.

“ಮೊದಲು ನೋಡಿದ್ದು ಯಾವಾಗ?”

“ಹೋದ ವರ್ಷ, ಎಲೆ ಉದುರೋ ಮುಂಚೆ. ನೀರು ಸಾಲದು ಅಂದ್ಕೊಂಡೆ. ಈ ಸಲ ಕೊಂಬೆ ಸವರೋವಾಗ ತೊಗಟೆ ಕೈಗೆ ಬಂತು. ಒಳಗೆ ಸುರಂಗ, ಪುಡಿ, ಹುಳು.” ಅವನು ಬೆರಳುಗಳನ್ನು ಮಡಚಿಕೊಂಡ. “ಅಷ್ಟು ದಿನ ಸವರಿದ ಕೊಂಬೆನೆಲ್ಲ ಏನು ಮಾಡ್ತಿದ್ದೆ ಗೊತ್ತಾ ಮೇಡಂ? ಸೌದೆ ಇಲ್ಲದ ಮನೆಗೆ ಗಾಡಿಲಿ ಹಾಕ್ಕೊಂಡು ಹೋಗಿ ಕೊಡ್ತಿದ್ದೆ. ಸುಮ್ಮನೆ, ಒಳ್ಳೇದಾಗಲಿ ಅಂತ.”

“ಯಾರ ಮನೆಗೆಲ್ಲ?”

“ಯಾರ ಮನೆಗಿಲ್ಲ? ನಿಮ್ಮ ಕ್ವಾರ್ಟರ್ಸ್ ಹಿಂದೆಯೂ ಇದೆ.”

ಚಳಿಗಾಲದಲ್ಲಿ ಆ ಸೌದೆ ರಾಶಿಗೆ ಕೈ ಹಾಕಿದಾಗೆಲ್ಲ ಅಂಗೈಗೆ ಅಂಟುತ್ತಿದ್ದ ನಯವಾದ ಕಂದು ಪುಡಿ ಅವಳಿಗೆ ನೆನಪಾಯಿತು. ಧೂಳೆಂದು ಕೊಡವಿಕೊಂಡಿದ್ದಳು.

“ನಿಮ್ಮಣ್ಣನಿಗೆ ಹೇಳಿದೆಯಾ?”

“ಹೇಳಿದೆ. ಅವನು ಕೋಲಿನ ಹಾಗೆ, ಮುರೀತಾನೆ ಹೊರತು ಬಗ್ಗಲ್ಲ. ಇಲಾಖೆಗೆ ತಿಳಿಸ್ತೀನಿ ಅಂತ ಕೂತ. ನಾನು ಅವನಿಗೆ ಗೊತ್ತಾಗದ ಹಾಗೆ ಡ್ರಿಲ್ ಹೊಡೆದೆ. ಮಾರನೇ ದಿನ ಸಂಜೆ ತೋಟಕ್ಕೆ ಬಂದು ನೋಡಿದ. ಕೂಗಾಡಿದ. ಊರಿಗೇ ಮೋಸ ಮಾಡ್ತೀಯೇನೋ, ನಾಳೆ ಬೆಳಿಗ್ಗೆನೇ ಹೋಗ್ತೀನಿ ಅಂದ.”

“ಆಮೇಲೆ?”

“ಆಮೇಲೆ ಹೊಡೆದೆ.”

ಇಷ್ಟು ದಿನ ಬಾಯಿಗೆ ಬಾರದ ಮಾತು ಈಗ ತಟ್ಟನೆ ಬಂದಿತ್ತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

“ಅಣ್ಣ ಬೈತಿದ್ದಾಗ ಯಾವ ಕಡೆ ನೋಡ್ತಿದ್ದ?”

“ನನ್ನ ಕಡೆ.”

“ಹತ್ತಿರ ಇದ್ದನಾ?”

“ಮುಖಕ್ಕೆ ಮುಖ ಕೊಟ್ಟು. ಉಗುಳು ಸಿಡೀತಿತ್ತು.”

“ನೀನು ಜಾಗ ಬಿಟ್ಟು ಕದಲಿದೆಯಾ?”

“ಇಲ್ಲ. ನಿಂತಲ್ಲೇ ನಿಂತಿದ್ದೆ.”

“ಪೆಟ್ಟು ಬಿದ್ದಿರೋದು ತಲೆಯ ಹಿಂದೆ. ಅದೂ ಕೆಳಗಡೆ, ಕತ್ತಿನ ಹತ್ತಿರ. ಡಾಕ್ಟರು ನನ್ನನ್ನೇ ಬಗ್ಗಿಸಿ ಬೆರಳಿಟ್ಟು ತೋರಿಸಿದ್ರು. ಎದುರಿಗೆ ನಿಂತು ಬೈತಿದ್ದವನ ಹಿಂದಲೆಗೆ, ನಿಂತಲ್ಲೇ ನಿಂತು ಹೇಗೆ ಹೊಡೆದೆ?”

ಕಿಟಕಿಯ ಬಾಗಿಲು ಗಾಳಿಗೆ ಬಡಿಯಿತು.

“ಅಣ್ಣನ ಬೆನ್ನ ಹಿಂದೆ ಯಾರೋ ಇದ್ರು,” ಎಂದಳು ಅವಳು. “ನಿನಗೆ ಅವರ ಮುಖ ಕಾಣ್ತಿತ್ತು. ಅಣ್ಣನಿಗೆ ಕಾಣ್ತಿರಲಿಲ್ಲ.”

“ಯಾರೂ ಇರಲಿಲ್ಲ.”

“ಅಣ್ಣ ನಾಳೆನೇ ತಿಳಿಸ್ತೀನಿ ಅಂದಿದ್ದು ಅವರ ಕಿವಿಗೂ ಬಿತ್ತು.”

“ಇಲ್ಲ ಅಂದ್ನಲ್ಲ.”

ಬೆದರಿಸಿದರೆ ಇವನು ಇನ್ನಷ್ಟು ಬಿಗಿಯುತ್ತಾನೆ ಎಂದು ಅವಳಿಗೆ ಅನ್ನಿಸಿತು. ದಾರಿ ಬದಲಿಸಿದಳು.

“ಸರಿ ಬಿಡು. ರೋಗ ಶುರುವಾಗಿರೋದು ಶೆಡ್ಡಿನ ಹತ್ತಿರ. ತೊಗಟೆ ಸಮೇತ ದಿಮ್ಮಿ ಬಂದಿರಬೇಕು ಅಂತಾರೆ ಮಾವ.”

“ಅದೂ ನಾನೇ ತಂದಿದ್ದು.” ಅವನಿಗೆ ಸಮಾಧಾನವಾದಂತಿತ್ತು. ತಪ್ಪು ಹೊರಲು ಇನ್ನೊಂದು ಸಿಕ್ಕಿತಲ್ಲ ಎನ್ನುವ ಹಾಗೆ. “ಮೂರ್ನಾಲ್ಕು ವರ್ಷ ಆಯ್ತು. ಬೇರೆ ಊರಿನ ಮರ, ಕಪ್ಪು ಜಾತಿ.”

“ಕಣಿವೆ ತುಂಬ ಅಕ್ರೋಟು ಇಟ್ಕೊಂಡು ಹೊರಗಿನ ಮರ ಯಾಕೆ?”

“ಆ ಬಣ್ಣ ನಮ್ಮ ಮರಕ್ಕೆ ಬರಲ್ಲ. ಕಪಾಟು ಮಾಡಿಸ್ಬೇಕು ಅಂತ ತುಂಬ ದಿನದಿಂದ ಆಸೆ ಇತ್ತು ಅತ್ತಿ…”

ಮಾತು ಅರ್ಧಕ್ಕೇ ನಿಂತಿತು.

ನನಗೆ ನೆನಪಿಲ್ಲ ಎಂದಿದ್ದರು ಅತ್ತಿಗೆ, ಕೇಳಿ ಮುಗಿಸುವುದರೊಳಗೆ. ತನ್ನ ಆಸೆಗೆಂದೇ ಬಂದ ಮರವನ್ನು ಯಾವ ಹೆಂಗಸು ಮರೆಯುತ್ತಾಳೆ? ಇಡೀ ಕಣಿವೆಯನ್ನು ಸುಟ್ಟ ಕಿಡಿ ಯಾರ ಮನೆಯಿಂದ ಹಾರಿತೆಂದು ಜನ ಒಂದು ದಿನ ಕೇಳಿಯೇ ಕೇಳುತ್ತಾರೆ.

“ಅಣ್ಣನ ಬೆನ್ನ ಹಿಂದೆ ಅವರಿದ್ರಾ?”

ಅವನು ಕಪ್ಪು ಬೆರಳುಗಳಿಂದ ಮುಖ ಮುಚ್ಚಿಕೊಂಡ. “ಕೇಳಬೇಡಿ ಮೇಡಂ. ಆ ಕೈತುತ್ತು ತಿಂದು ಬೆಳೆದವನು ನಾನು. ಅಣ್ಣ ಬಿದ್ದಾಗ ಅವರೇ ತಲೆ ತೊಡೆ ಮೇಲಿಟ್ಕೊಂಡು ಅತ್ರು. ಕೈಲಿದ್ದ ಸಲಿಕೆ ಎಲ್ಲಿ ಬಿತ್ತು ಅಂತಾನೂ ಅವರಿಗೆ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಹೆದರಿಕೊಂಡಿದ್ರು ಅಷ್ಟೇ. ಹೆದರಿದವರು ಏನು ಬೇಕಾದ್ರೂ ಮಾಡ್ತಾರೆ.”

ಹೆದರಿದವರು ಏನು ಬೇಕಾದರೂ ಮಾಡುತ್ತಾರೆ. ತಿಳಿಸುತ್ತೇನೆ ಎಂದವನ ತಲೆಗೆ ಪೆಟ್ಟು ಬಿದ್ದಿತ್ತು. ಇವತ್ತು ಅದೇ ಮರದ ಕೆಳಗೆ ಅದೇ ಮಾತನ್ನು ಇನ್ನೊಬ್ಬರು ಆಡಿದ್ದರು. ಅತ್ತಿಗೆಯ ಎದುರಿಗೇ.

ಕುರ್ಚಿ ಹಿಂದಕ್ಕೆ ಬಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

ಜಗಲಿಯ ಬೆಂಚು ಖಾಲಿಯಿತ್ತು. ಮೀಸೆ ಕಂಬಕ್ಕೊರಗಿ ಬೀದಿ ನೋಡುತ್ತಿದ್ದ.

“ಮಾವ ಎಲ್ಲಿ?”

“ಈಗ ತಾನೇ ಹೊರಟ್ರು ಮೇಡಂ. ಆಫೀಸು ಬಾಗಿಲು ಹಾಕೋದರೊಳಗೆ ಮುಟ್ಟಬೇಕು ಅಂತ ಚಡಪಡಿಸ್ತಿದ್ರು.”

“ನಡ್ಕೊಂಡಾ?”

“ಇಲ್ಲ. ಅತ್ತಿಗೆ ಬಂದಿದ್ರು, ಮೈದುನನಿಗೆ ಬಟ್ಟೆ ಕೊಡೋಕೆ. ಪಾಪ, ಅತ್ತೂ ಅತ್ತೂ ಕಣ್ಣು ಕೆಂಪಾಗಿತ್ತು. ಆಸ್ಪತ್ರೆಗೆ ಹೋಗೋ ದಾರಿ ತಾನೇ, ಬಸ್ ಸ್ಟ್ಯಾಂಡಲ್ಲಿ ಇಳಿಸ್ತೀನಿ ಬನ್ನಿ ಅಂತ ವ್ಯಾನಲ್ಲಿ ಕೂರಿಸ್ಕೊಂಡ್ರು. ಡಬ್ಬಾನೂ ತಾವೇ ಎತ್ಕೊಂಡ್ರು.”

“ಜೀಪು ತೆಗಿ,” ಎಂದಳು ಅವಳು. ಕೈ ಆಗಲೇ ಫೋನಿನ ಮೇಲಿತ್ತು.

ರಿಂಗಾಯಿತು. ಇನ್ನೇನು ನಿಲ್ಲುತ್ತದೆ ಎನ್ನುವಾಗ ಮಾವ ಎತ್ತಿದರು. ವ್ಯಾನಿನ ಸದ್ದಿನ ನಡುವೆ ಅವರ ದನಿ ಹಬ್ಬದೂಟಕ್ಕೆ ಕರೆ ಬಂದವರಂತಿತ್ತು.

“ಪುಟ್ಟಿ, ಬಸ್ಸು ತಪ್ಪಿದ್ರೆ ತಪ್ಪಲಿ ಬಿಡು. ಹೊಳೆ ಆಚೆ ಕಾಡಂಚಲ್ಲಿ ಒಂದು ಒಂಟಿ ಮರ ಇದೆಯಂತೆ. ಎಲ್ಲಕ್ಕಿಂತ ಮೊದಲು ಅದು ಒಣಗಿದ್ದಂತೆ. ಇವರಿಗೆ ಈಗ ನೆನಪಾಯ್ತಂತೆ. ನೋಡದೆ ಹೋಗೋಕಾಗುತ್ತಾ?”

“ಮಾವ, ನಾನು ಹೇಳೋದನ್ನ ಸುಮ್ಮನೆ ಕೇಳಿ. ಏನೂ ಮಾತಾಡಬೇಡಿ. ಏನಾದ್ರೂ ನೆಪ ಹೇಳಿ ಗಾಡಿ ನಿಲ್ಲಿಸಿ…”

“ಯಾರದು, ಮೇಡಂ ಅವರಾ?” ಪಕ್ಕದಿಂದ ಆ ಶಾಂತ ದನಿ. “ಇಲ್ಲಿ ಕೊಡಿ, ನಾನೊಂದು ಮಾತು ಕೇಳ್ಬೇಕು.”

ಫೋನು ಕೈ ಬದಲಾಯಿತು. ಗಾಳಿಯ ಸದ್ದು ಜೋರಾಯಿತು. ವ್ಯಾನು ಊರು ದಾಟಿಯಾಗಿತ್ತು.

“ಮೇಡಂ, ನಮ್ಮ ಹುಡುಗ ಏನಾದ್ರೂ ತಿಂದ್ನಾ?”

“ತಿಂದ,” ಎಂದಳು ಅವಳು. ಮೀಸೆ ಜೀಪಿನ ಕೀಲಿ ತಿರುಗಿಸುತ್ತಿದ್ದವನು ಅವಳ ಮುಖ ನೋಡಿ ಹಾಗೇ ನಿಂತ.

“ಮಾತಾಡಿದ್ನಾ? ಏನಾದ್ರೂ ಹೇಳಿದ್ನಾ?”

“ಇಲ್ಲ. ಏನೂ ಹೇಳಲಿಲ್ಲ.”

ಆ ಕಡೆ ಅತ್ತಿಗೆ ನಿಟ್ಟುಸಿರು ಬಿಟ್ಟರು. ಹಟ ಮಾಡುವ ಮಗುವಿನ ಮುಂದೆ ಸೋತ ತಾಯಿ ಬಿಡುವಂಥ ನಿಟ್ಟುಸಿರು.

“ನಿಮಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ.”

ಎಂಜಿನ್ ನಿಂತಿತು. ಹತ್ತಿರದಲ್ಲೆಲ್ಲೋ ಹೊಳೆ ಹರಿಯುವುದು ಕೇಳಿಸಿತು, ಆಮೇಲೆ ವ್ಯಾನಿನ ಬಾಗಿಲು ತೆರೆದ ಸದ್ದು, ಮತ್ತು ಮಾವನ ಉತ್ಸಾಹದ ದನಿ: “ಎಲ್ಲಿ ತಾಯಿ, ಇಲ್ಲಿ ಮರವೇ ಕಾಣ್ತಾ ಇಲ್ಲವಲ್ಲ?”